ಯುದ್ಧದ ಸುದ್ದಿಯೊಳಗೆ ಅಡಗಿದ ಹಳೆಯ ಯುದ್ಧವನ್ನು ಪತ್ತೆಹಚ್ಚುವುದು ಹೇಗೆ?

ಬೇಲೂರು ತಾಲ್ಲೂಕಿನ ಹಲ್ಮಿಡಿಯಲ್ಲಿ ಸಿಕ್ಕಿದ ಕಲ್ಲನ್ನು ನಾವು ಕನ್ನಡದ ಹಳೆಯ ಶಾಸನ ಎಂದು ಶಾಲೆಯಲ್ಲಿ ಓದಿದ್ದೇವೆ. ಅದು ಒಂದು ಯುದ್ಧದ ವರದಿಯೂ ಹೌದು ಎಂಬುದು ಅಷ್ಟಾಗಿ ನೆನಪಿರುವುದಿಲ್ಲ. ಸುಮಾರು ಕ್ರಿ.ಶ. 450ರ ಆ ಬರಹದ ತಿರುಳು ಇಷ್ಟೇ: ಕೇಕಯ, ಪಲ್ಲವರೊಡನೆ ಕಾದಿ ಗೆದ್ದ ವಿಜ ಅರಸನಿಗೆ ಹಲ್ಮಿಡಿ ಮತ್ತು ಮೂಳವಳ್ಳಿ ಎಂಬ ಎರಡು ಊರುಗಳನ್ನು ಬಾಳ್ಗಚ್ಚಾಗಿ ಕೊಟ್ಟರು. ಬಾಳ್ಗಚ್ಚು ಎಂದರೆ ನೆತ್ತರಾದ ಕತ್ತಿ ತೊಳೆದು ಕೊಡುವ ಉಂಬಳಿ. ಜಗಳ ಯಾತಕ್ಕೆ ಹುಟ್ಟಿತು, ಎಷ್ಟು ಜನ ಸತ್ತರು, ಸೋತವರ ಊರುಕೇರಿ ಏನಾಯಿತು, ಯಾವುದೂ ಕಲ್ಲಿನಲ್ಲಿಲ್ಲ.

ಇವತ್ತಿನ ಸುದ್ದಿಮನೆಗೂ ಇದೇ ತೊಂದರೆ, ಕಾರಣ ಮಾತ್ರ ಬೇರೆ. ಯುದ್ಧ ಶುರುವಾದ ಮೊದಲ ಕೆಲವು ತಾಸಿನಲ್ಲಿ ಖಚಿತ ಸಂಗತಿ ಬೆರಳೆಣಿಕೆಯಷ್ಟು, ತುಂಬಬೇಕಾದ ಪುಟ ಮತ್ತು ಗಂಟೆ ಮಾತ್ರ ರಾಶಿ. ಆ ಖಾಲಿ ಜಾಗಕ್ಕೆ ಕೈಗೆ ಸುಲಭವಾಗಿ ಸಿಗುವುದು ಹಿಂದಿನ ಯುದ್ಧದ ನೆನಪು. ಬೆಲ್ಲದ ಪಾಕ ಯಾವ ಅಚ್ಚಿಗೆ ಬಿದ್ದರೆ ಆ ಆಕಾರ ಅನ್ನುವ ಹಾಗೆ, ಹೊಸ ಸುದ್ದಿ ಹಳೆಯ ಅಚ್ಚಿಗೆ ಬೀಳುತ್ತದೆ. ಸುದ್ದಿ ಸುಳ್ಳೇ ಆಗಿರಬೇಕೆಂದಿಲ್ಲ. ಆಕಾರ ಮಾತ್ರ ಅದರದಲ್ಲ. ಆ ಅಚ್ಚನ್ನು ಗುರುತಿಸಿ ಒಳಗಿನ ಪಾಕವನ್ನು ಬೇರೆಯಾಗಿ ನೋಡುವ ಕ್ರಮ ಇಲ್ಲಿದೆ. ಮನೆಯಲ್ಲಿ ಒಬ್ಬರೇ ಮಾಡಬಹುದು, ಹೈಸ್ಕೂಲು ಅಥವಾ ಕಾಲೇಜಿನ ತರಗತಿಯಲ್ಲಿ ಮಾಡಿಸಬಹುದು, ಗ್ರಂಥಾಲಯದ ಮೇಜಿನ ಮೇಲೆ ನಾಲ್ಕು ಜನ ಸೇರಿಯೂ ಮಾಡಬಹುದು.

ಬೇಕಾಗುವುದು

200 ಪುಟದ ಒಂದು ನೋಟ್‌ಬುಕ್, ಕೆಂಪು ಮತ್ತು ನೀಲಿ ಪೆನ್ಸಿಲು, ಒಂದೇ ದಿನದ ಎರಡು ಬೇರೆ ಪತ್ರಿಕೆ, ಇಂಟರ್ನೆಟ್ ಇರುವ ಮೊಬೈಲು. ಒಂದು ವರದಿಗೆ 40 ನಿಮಿಷ ಇಟ್ಟುಕೊಳ್ಳಿ. ಹಾಸನ, ಚಿಕ್ಕಮಗಳೂರಿನಲ್ಲಿರುವವರು ಜಿಲ್ಲಾ ಗ್ರಂಥಾಲಯಕ್ಕೆ ಹೋದರೆ ಪತ್ರಿಕೆಯ ದುಡ್ಡು ಉಳಿಯುತ್ತದೆ. ಆದರೆ ಅಲ್ಲಿನ ಪ್ರತಿಯ ಮೇಲೆ ಬಣ್ಣ ಹಚ್ಚಬೇಡಿ, ಜೆರಾಕ್ಸ್ ಮಾಡಿಸಿಕೊಳ್ಳಿ. ಟಿವಿ ಸುದ್ದಿಯಾದರೆ ಹತ್ತು ನಿಮಿಷ ಕೇಳಿ, ಬಂದ ವಾಕ್ಯಗಳನ್ನು ಹಾಗೆಯೇ ಬರೆದುಕೊಳ್ಳಿ. ಪರದೆಯ ಕೆಳಗೆ ಓಡುವ ಪಟ್ಟಿಯನ್ನು ಪ್ರತ್ಯೇಕವಾಗಿ ಬರೆಯಿರಿ, ಏಕೆಂದರೆ ನಿರೂಪಕರ ಮಾತಿಗೂ ಪಟ್ಟಿಗೂ ಎಷ್ಟೋ ಸಲ ತಾಳೆಯಾಗುವುದಿಲ್ಲ.

ಹೆಜ್ಜೆ 1: ವೀರಗಲ್ಲಿನ ಮೇಲೆ ಕೈ ಪಳಗಿಸಿ

ನೇರವಾಗಿ ಪತ್ರಿಕೆಗೆ ಕೈ ಹಾಕಿದರೆ ಸಿಟ್ಟು, ಅಭಿಮಾನ ಅಡ್ಡ ಬರುತ್ತವೆ. ಏಳೆಂಟು ನೂರು ವರ್ಷದ ಹಿಂದಿನ ಜಗಳದಲ್ಲಿ ಆ ತೊಂದರೆಯಿಲ್ಲ. ಹಾಸನ, ಚಿಕ್ಕಮಗಳೂರು ಎರಡೂ ಜಿಲ್ಲೆಯಲ್ಲಿ ವೀರಗಲ್ಲಿಗೆ ಬರವಿಲ್ಲ. ಕೆರೆ ಏರಿ, ಊರ ಬಾಗಿಲು, ಹಳೆ ಗುಡಿಯ ಹಿತ್ತಲು ನೋಡಿ. ಮುಂಜಾನೆ ಅಥವಾ ಸಂಜೆ ಓರೆ ಬಿಸಿಲಿನಲ್ಲಿ ಹೋಗಿ. ಮಧ್ಯಾಹ್ನದ ನೆತ್ತಿ ಬಿಸಿಲಿಗೆ ಸವೆದ ಅಕ್ಷರ ಕಾಣುವುದಿಲ್ಲ. ಮೋಡವಿದ್ದರೆ ಟಾರ್ಚನ್ನು ಕಲ್ಲಿನ ಪಕ್ಕದಿಂದ ಓರೆಯಾಗಿ ಹಿಡಿದರೆ ನೆರಳು ಬಿದ್ದು ಗೀರು ಎದ್ದು ಕಾಣುತ್ತದೆ. ಸೀಮೆಸುಣ್ಣ ಉಜ್ಜಬೇಡಿ, ಎಣ್ಣೆ ಬಳಿಯಬೇಡಿ, ಬ್ರಷ್ಷಿನಿಂದ ತಿಕ್ಕಲೂಬೇಡಿ.

ಕಲ್ಲನ್ನು ಕೆಳಗಿನಿಂದ ಮೇಲಕ್ಕೆ ಓದಬೇಕು. ಸಾಮಾನ್ಯವಾಗಿ ಮೂರು ಹಂತ. ತಳದಲ್ಲಿ ಕಾಳಗ: ಬಿಲ್ಲು, ಕತ್ತಿ, ಕೆಲವು ಕಡೆ ಹಸುಗಳು. ಹಸು ಕಂಡರೆ ಅದು ತುರುಗೋಳು, ಅಂದರೆ ದನ ಹೊಡೆದುಕೊಂಡು ಹೋದವರೊಡನೆ ನಡೆದ ಹೋರಾಟ. ನಡುವೆ ಅಪ್ಸರೆಯರು ವೀರನನ್ನು ಎತ್ತಿಕೊಂಡು ಹೋಗುತ್ತಾರೆ. ತುದಿಯಲ್ಲಿ ಕೈಲಾಸ, ಲಿಂಗ, ಪೂಜೆ. ಬರಹವಿದ್ದರೆ ಹಂತಗಳ ನಡುವಿನ ಪಟ್ಟಿಯಲ್ಲಿರುತ್ತದೆ. ಅಕ್ಷರ ಬಾರದಿದ್ದರೆ ಬಿ.ಎಲ್. ರೈಸ್ ಅವರ ಎಪಿಗ್ರಾಫಿಯಾ ಕರ್ನಾಟಿಕ ನೋಡಿ. ಹಾಸನ ಜಿಲ್ಲೆಯದು 5ನೇ ಸಂಪುಟ, ಆಗ ಕಡೂರು ಜಿಲ್ಲೆ ಎನಿಸಿದ್ದ ಚಿಕ್ಕಮಗಳೂರಿನದು 6ನೇ ಸಂಪುಟ. ಪಾಠ ಕನ್ನಡ ಲಿಪಿಯಲ್ಲೂ ಇದೆ.

ನೋಡಿದ ಮೇಲೆ ನೋಟ್‌ಬುಕ್ಕಿನಲ್ಲಿ ಮೂರು ಸಾಲು ಬರೆಯಿರಿ: ಕಲ್ಲು ಏನು ಹೇಳಿತು, ಏನು ಹೇಳಲಿಲ್ಲ, ಕಲ್ಲು ನಿಲ್ಲಿಸಿದವರು ಯಾರು. ಎರಡನೆಯ ಸಾಲಿನಲ್ಲಿ ಹೆಚ್ಚುಕಡಿಮೆ ಯಾವಾಗಲೂ ಒಂದೇ ಬಗೆಯ ಉತ್ತರ ಬರುತ್ತದೆ. ಎದುರಾಳಿಗೆ ಮುಖವಿಲ್ಲ, ಕಾರಣ ಒಂದೇ ಪದ, ಮನೆಯವರ ಪಾಡು ಇಲ್ಲ. ಗಂಡನ ಚಿತೆಯೇರಿದವಳ ನೆನಪಿಗೆ ನಿಲ್ಲಿಸಿದ ಮಹಾಸತಿಕಲ್ಲು ಇದ್ದರೂ ಅದರಲ್ಲಿ ಕಾಣುವುದು ಬಳೆ ತೊಟ್ಟ ಕೈ ಮಾತ್ರ. ಕಾಳಗ, ಸಾವು, ಸ್ವರ್ಗ ಎಂಬ ಈ ಮೂರು ಹಂತದ ಅಚ್ಚನ್ನು ಮನಸ್ಸಿನಲ್ಲಿಟ್ಟುಕೊಂಡು ರಾತ್ರಿ ಒಂಬತ್ತರ ವಾರ್ತೆ ನೋಡಿ.

ಹೆಜ್ಜೆ 2: ಎರಡು ಬಣ್ಣ

ವರದಿಯ ಮೊದಲ ಐದು ಪ್ಯಾರಾ ಸಾಕು. ಎಲ್ಲಿ, ಎಷ್ಟು ಗಂಟೆಗೆ, ಏನಾಯಿತು, ಯಾರು ಹೇಳಿದರು ಎನ್ನುವ ಪದಗಳಿಗೆ ಕೆಂಪು ಗೆರೆ. ಹಿಂದಿನ ಯುದ್ಧವನ್ನು ಕರೆತರುವ ಪದಗಳಿಗೆ ನೀಲಿ. ಇಸವಿ ಹೆಸರಿಸಿದ್ದರೆ ಸುಲಭ: "1971ರ ಮರುಕಳಿಕೆ", "1962ರ ಭಾರತವಲ್ಲ". ಹೆಸರಿಸದೆ ಬರುವುದೇ ಹೆಚ್ಚು: "ಮತ್ತೊಮ್ಮೆ", "ಮತ್ತೆ ಬಾಲ ಬಿಚ್ಚಿದ", "ತಕ್ಕ ಪಾಠ", "ಹಳೇ ಚಾಳಿ", "ಹಿಟ್ಲರ್", "ಕುರುಕ್ಷೇತ್ರ", "ಪಾಪಿ ಪಾಕ್". "ಮತ್ತೆ" ಎಂಬ ಪದ ಕಂಡಾಗಲೆಲ್ಲ ಕೇಳಿ: ಹಿಂದೆ ಯಾವಾಗ? ವರದಿಯಲ್ಲಿ ಉತ್ತರವಿಲ್ಲದಿದ್ದರೆ ಅದು ನೀಲಿ.

ನೀಲಿ ಹೆಚ್ಚಾಗಿ ಕೆಂಪು ಎರಡು ಮೂರೇ ಇದ್ದರೆ ನಿಮ್ಮ ಕೈಯಲ್ಲಿರುವುದು ಸುದ್ದಿಯ ತುಣುಕಿಗೆ ಸುತ್ತಿದ ನೆನಪು. ಇಲ್ಲಿ ಆಗುವ ಸಾಮಾನ್ಯ ತಪ್ಪೆಂದರೆ ವಿಶೇಷಣಗಳಿಗೆಲ್ಲ ನೀಲಿ ಹಚ್ಚುವುದು. "ಉಡೀಸ್", "ತತ್ತರ", "ಗಡಗಡ" ಬರಿಯ ಅಬ್ಬರ, ನೆನಪಲ್ಲ. ಅವನ್ನು ಬಿಟ್ಟುಬಿಡಿ. ಶೀರ್ಷಿಕೆಯ ಕೊನೆಯ ಪ್ರಶ್ನಾರ್ಥಕ ಚಿಹ್ನೆಗೆ ಮಾತ್ರ ಸುತ್ತು ಹಾಕಿ. "ಬಂದರು ಧ್ವಂಸ?" ಎಂದು ಹಾಕಿದವರಿಗೇ ಅದು ಖಾತ್ರಿಯಿಲ್ಲ.

ಹೆಜ್ಜೆ 3: ಅಚ್ಚು ಯಾವ ಯುದ್ಧದ್ದು?

ಜಗತ್ತಿನ ಮಾಧ್ಯಮಗಳಲ್ಲಿ ಪದೇಪದೇ ಕಾಣುವ ಅಚ್ಚುಗಳು ಹತ್ತಿಪ್ಪತ್ತಕ್ಕಿಂತ ಹೆಚ್ಚಿಲ್ಲ. ಮುಖ್ಯವಾದವನ್ನು ಗುರುತು ಹಿಡಿಯುವುದು ಕಲಿತರೆ ಅರ್ಧ ಕೆಲಸ ಮುಗಿಯಿತು.

ಮ್ಯೂನಿಕ್, 1938. ಬ್ರಿಟನ್ ಮತ್ತು ಫ್ರಾನ್ಸ್ ಚೆಕೊಸ್ಲೊವಾಕಿಯಾದ ಸುಡೆಟನ್‌ಲ್ಯಾಂಡನ್ನು ಹಿಟ್ಲರನಿಗೆ ಬಿಟ್ಟುಕೊಟ್ಟವು, ಮರುವರ್ಷ ಮಹಾಯುದ್ಧವೇ ಬಂತು. ಅಲ್ಲಿಂದಾಚೆಗೆ ಮಾತುಕತೆ ಎಂದರೆ ಶರಣಾಗತಿ ಎಂಬ ಅರ್ಥ ಹುಟ್ಟಿತು. 1956ರ ಸೂಯೆಜ್ ಬಿಕ್ಕಟ್ಟಿನಲ್ಲಿ ಈಜಿಪ್ಟಿನ ನಾಸರ್, 1990ರಲ್ಲಿ ಇರಾಕಿನ ಸದ್ದಾಂ ಹುಸೇನ್ ಇಬ್ಬರಿಗೂ ಪಾಶ್ಚಾತ್ಯ ನಾಯಕರು ಇದೇ ಅಚ್ಚು ಒತ್ತಿದರು, ಪತ್ರಿಕೆಗಳು ಎತ್ತಿಕೊಂಡವು. ಗುರುತು: ಸಂಧಾನ ಎಂದವರನ್ನು ಹೇಡಿ ಎಂದು ಕರೆದಿರುತ್ತಾರೆ.

ವಿಯೆಟ್ನಾಂ. ಇದರ ಗುಣವೇ ಬೇರೆ. ಇದು ವರದಿಯ ಧಾಟಿಯನ್ನಲ್ಲ, ವರದಿಗಾರ ಎಲ್ಲಿ ನಿಲ್ಲಬಹುದು ಎಂಬುದನ್ನೇ ಬದಲಿಸಿತು. ಟಿವಿಯೇ ಯುದ್ಧ ಸೋಲಿಸಿತು ಎಂಬ ನಂಬಿಕೆ ಅಮೆರಿಕದ ಸೇನೆಯಲ್ಲಿ ಬೇರೂರಿತು. 1968ರ ಜನವರಿಯಲ್ಲಿ ವಿಯೆಟ್ನಾಂ ಕಮ್ಯುನಿಸ್ಟರು ನಡೆಸಿದ ಟೆಟ್ ದಾಳಿಯ ತನಕ ಅಮೆರಿಕದ ಟಿವಿ ಬಹುಮಟ್ಟಿಗೆ ಸರ್ಕಾರದ ಧಾಟಿಯಲ್ಲೇ ಮಾತಾಡುತ್ತಿತ್ತು ಎಂಬುದನ್ನು ಆ ನಂಬಿಕೆ ಲೆಕ್ಕಕ್ಕೇ ಇಟ್ಟುಕೊಳ್ಳಲಿಲ್ಲ. ಫಲ ನೋಡಿ: 1982ರ ಫಾಕ್‌ಲ್ಯಾಂಡ್ಸ್ ಯುದ್ಧದಲ್ಲಿ ಬ್ರಿಟಿಷ್ ವರದಿಗಾರರು ನೌಕಾಪಡೆಯ ಹಡಗಿನಲ್ಲೇ ಹೋಗಬೇಕಾಯಿತು, ಬರೆದದ್ದೂ ನೌಕಾಪಡೆಯ ಮೂಲಕವೇ ಹೊರಬರಬೇಕಾಯಿತು. 1983ರಲ್ಲಿ ಗ್ರೆನಡಾಕ್ಕೆ ಅಮೆರಿಕ ನುಗ್ಗಿದಾಗ ಮೊದಲ ಎರಡು ದಿನ ಪತ್ರಕರ್ತರಿಗೆ ಪ್ರವೇಶವೇ ಇರಲಿಲ್ಲ. 1991ರ ಕೊಲ್ಲಿ ಯುದ್ಧದಲ್ಲಿ ಸೇನೆ ಆರಿಸಿದ ಗುಂಪು, ಜೊತೆಗೊಬ್ಬ ಅಧಿಕಾರಿ. ಅದೇ ವರ್ಷ ಶವಪೆಟ್ಟಿಗೆಗಳು ಬಂದಿಳಿಯುವ ಚಿತ್ರ ತೆಗೆಯುವುದನ್ನು ನಿಷೇಧಿಸಿದರು, ನಿಷೇಧ ಸಡಿಲವಾದದ್ದು 2009ರಲ್ಲಿ. 2003ರ ಇರಾಕ್ ಯುದ್ಧದ ಹೊತ್ತಿಗೆ ಉಪಾಯ ತಿರುಗಿತು: ನೂರಾರು ವರದಿಗಾರರನ್ನು ಸೇನಾ ತುಕಡಿಗಳೊಳಗೇ ಸೇರಿಸಿಕೊಂಡರು. ಟ್ಯಾಂಕಿನೊಳಗೆ ಕೂತವನಿಗೆ ಕಾಣುವುದು ಟ್ಯಾಂಕಿನ ಕಿಂಡಿಯಲ್ಲಿ ಕಂಡಷ್ಟೇ. ಆದ್ದರಿಂದ ವಿದೇಶಿ ಯುದ್ಧದ ವರದಿ ಓದುವಾಗ ವರದಿಗಾರ ಯಾರ ಗಾಡಿಯಲ್ಲಿ ಹೋಗಿದ್ದಾನೆ ಎಂದು ಮೊದಲು ಹುಡುಕಿ. ಗೊತ್ತಾದರೆ ಕೆಂಪು ಗೆರೆ ಹಾಕಿ, ಗೊತ್ತಾಗದಿದ್ದರೆ ಅಂಚಿನಲ್ಲಿ ಅಡ್ಡಗೀರು.

ರಷ್ಯಾದ 1941–45. ಅಲ್ಲಿ ಅದಕ್ಕೆ ಮಹಾ ದೇಶಭಕ್ತಿ ಯುದ್ಧ ಎಂದೇ ಹೆಸರು. 2022ರ ಫೆಬ್ರುವರಿಯಲ್ಲಿ ಉಕ್ರೇನಿನ ಮೇಲೆ ನುಗ್ಗುವಾಗ "ನಾಜಿಗಳನ್ನು ತೊಲಗಿಸುವುದು" ಎಂದು ಹೇಳಿದ್ದು ಆ ಅಚ್ಚಿನಿಂದ. ಜೊತೆಗೆ ಯುದ್ಧವನ್ನು ಯುದ್ಧ ಎಂದು ಕರೆಯದೆ "ವಿಶೇಷ ಸೇನಾ ಕಾರ್ಯಾಚರಣೆ" ಎನ್ನಬೇಕೆಂಬ ಒತ್ತಾಯ, ಸೇನೆಯ ಬಗ್ಗೆ "ಸುಳ್ಳು ಸುದ್ದಿ" ಹರಡಿದರೆ 15 ವರ್ಷದವರೆಗೆ ಸೆರೆ ಎಂಬ 2022ರ ಮಾರ್ಚಿನ ಕಾನೂನು. ಉಕ್ರೇನ್ ತನ್ನ ಕಡೆಯಿಂದ ನೆನಪಿನ ದಿನವನ್ನೇ ಬದಲಿಸಿತು: ಮೇ 9ರ ವಿಜಯ ದಿನಾಚರಣೆಯ ಬದಲು 2023ರಿಂದ ಮೇ 8.

ಇನ್ನು ನಮ್ಮವು. 1962 ಅವಮಾನದ ಅಚ್ಚು. 2020ರ ಜೂನ್ 15ರಂದು ಗಾಲ್ವಾನಿನಲ್ಲಿ 20 ಭಾರತೀಯ ಯೋಧರು ತೀರಿಕೊಂಡ ವಾರದಲ್ಲಿ ಬಂದ ಲೇಖನಗಳನ್ನು ತೆಗೆದು ನೋಡಿ, ನೀಲಿ ಪೆನ್ಸಿಲು ಸವೆಯುತ್ತದೆ. ತಮಾಷೆಯೆಂದರೆ 1962ರ ಸೋಲನ್ನು ಪರಿಶೀಲಿಸಿದ ಹೆಂಡರ್ಸನ್ ಬ್ರೂಕ್ಸ್ ವರದಿಯನ್ನು ಸರ್ಕಾರ ಇಂದಿಗೂ ಅಧಿಕೃತವಾಗಿ ಬಿಡುಗಡೆ ಮಾಡಿಲ್ಲ. ದಾಖಲೆ ಕಪಾಟಿನಲ್ಲಿದೆ, ನೆನಪು ಬೀದಿಯಲ್ಲಿದೆ. 1971 ಗೆಲುವಿನ ಅಚ್ಚು, ಅದನ್ನು ಮುಂದಿನ ಹೆಜ್ಜೆಯಲ್ಲಿ ಬಿಡಿಸೋಣ.

1999ರ ಕಾರ್ಗಿಲ್ ನೇರಪ್ರಸಾರದ ಅಚ್ಚು, ಭಾರತದ ಮನೆಮನೆಗೆ ಟಿವಿಯಲ್ಲಿ ಬಂದ ಮೊದಲ ಯುದ್ಧ ಅದು. 2025ರ ಏಪ್ರಿಲ್ 26ರಂದು, ಪಹಲ್ಗಾಮ್ ದಾಳಿ ನಡೆದ ನಾಲ್ಕು ದಿನಕ್ಕೆ, ವಾರ್ತಾ ಮತ್ತು ಪ್ರಸಾರ ಸಚಿವಾಲಯ ಸೇನಾ ಚಲನವಲನದ ನೇರಪ್ರಸಾರ ಬೇಡ ಎಂದು ಸೂಚನೆ ಹೊರಡಿಸಿತು. ಕಾರಣವಾಗಿ ಅದು ಹೆಸರಿಸಿದ್ದು ಕಾರ್ಗಿಲ್ ಯುದ್ಧ, ಕಂದಹಾರ್ ವಿಮಾನ ಅಪಹರಣ ಮತ್ತು ಮುಂಬೈನ 26/11 ದಾಳಿಯನ್ನು. ಹಳೆಯ ನೆನಪು ಹೊಸ ನಿಯಮವಾಗುವುದನ್ನು ಇದಕ್ಕಿಂತ ಸ್ಪಷ್ಟವಾಗಿ ತೋರಿಸುವ ಕಾಗದ ಸಿಗುವುದು ಕಷ್ಟ. ಈ ನಿಯಮಕ್ಕೆ ಅರ್ಥವೂ ಇದೆ, ಮುಂಬೈಯಲ್ಲಿ ಕಾರ್ಯಾಚರಣೆಯ ದೃಶ್ಯಗಳು ನೇರವಾಗಿ ಬಿತ್ತರವಾಗಿದ್ದವು. ಆದರೆ ಓದುಗನಿಗೆ ತಿಳಿದಿರಬೇಕಾದದ್ದು: ಇಂಥ ದಿನಗಳಲ್ಲಿ ಪರದೆಯ ಮೇಲೆ ಕಾಣುವ "ಗಡಿಯಿಂದ ನೇರ" ಬಹಳ ಸಲ ಗಡಿಯಿಂದ ದೂರದ್ದು.

ಅಚ್ಚೇ ಇಲ್ಲದ ಯುದ್ಧವೂ ಉಂಟು. 1987ರಿಂದ 1990ರ ತನಕ ಶ್ರೀಲಂಕಾದಲ್ಲಿದ್ದ ಭಾರತೀಯ ಶಾಂತಿಪಾಲನಾ ಪಡೆ ಸಾವಿರಕ್ಕೂ ಹೆಚ್ಚು ಯೋಧರನ್ನು ಕಳೆದುಕೊಂಡಿತು. ಕಾರ್ಗಿಲ್‌ನಲ್ಲಿ ತೀರಿಕೊಂಡವರ ಅಧಿಕೃತ ಸಂಖ್ಯೆ 527. ಯಾವುದರ ವಾರ್ಷಿಕೋತ್ಸವ ಪತ್ರಿಕೆಯಲ್ಲಿ ಬರುತ್ತದೆ, ಯಾವುದರದು ಬರುವುದಿಲ್ಲ ಎಂದು ಒಂದು ವರ್ಷ ಗಮನಿಸಿ. ನೆನಪಾಗದ ಯುದ್ಧ ಮುಂದಿನ ಯುದ್ಧದ ವರದಿಗೆ ಹೋಲಿಕೆಯಾಗಿಯೂ ಬರುವುದಿಲ್ಲ, ಎಚ್ಚರಿಕೆಯಾಗಿಯೂ ಬರುವುದಿಲ್ಲ.

ಹಾಸನದವರಿಗೆ ಹತ್ತಿರದ ಇನ್ನೊಂದು ಅಚ್ಚು ಹೈಫಾ. 1918ರ ಸೆಪ್ಟೆಂಬರ್ 23ರಂದು ಆ ಊರನ್ನು ವಶಪಡಿಸಿಕೊಂಡವರಲ್ಲಿ ಜೋಧಪುರದವರ ಜೊತೆ ಮೈಸೂರು ಸಂಸ್ಥಾನದ ಲ್ಯಾನ್ಸರ್ಸ್ ಕುದುರೆ ಪಡೆಯೂ ಇತ್ತು, ಆಗ ನಮ್ಮ ಎರಡೂ ಜಿಲ್ಲೆ ಅದೇ ಸಂಸ್ಥಾನದಲ್ಲಿದ್ದವು. ಪಶ್ಚಿಮ ಏಷ್ಯಾದಲ್ಲಿ ಗುಂಡು ಹಾರಿದಾಗಲೆಲ್ಲ "ಇಸ್ರೇಲಿಗೆ ಸ್ವಾತಂತ್ರ್ಯ ಕೊಡಿಸಿದ ಕನ್ನಡಿಗರು" ಎಂಬ ಸಂದೇಶ ವಾಟ್ಸ್‌ಆ್ಯಪಿನಲ್ಲಿ ಓಡಾಡುತ್ತದೆ. ಅವರು ಕಾದಿದ್ದು ಬ್ರಿಟಿಷ್ ಸೇನಾಪತಿ ಅಲೆನ್‌ಬಿಯ ಕೈಕೆಳಗೆ, ತುರ್ಕರ ಆಟೊಮನ್ ಸಾಮ್ರಾಜ್ಯದ ವಿರುದ್ಧ. ಇಸ್ರೇಲ್ ದೇಶ ಹುಟ್ಟಿದ್ದು 1948ರಲ್ಲಿ. ಶೌರ್ಯ ನಿಜ, ಅದಕ್ಕೆ ಅಂಟಿಸಿದ ಚೀಟಿ ನಂತರದ್ದು.

ಹೆಜ್ಜೆ 4: ಸಾಮ್ಯ ಒಂದು ಕಡೆ, ಭೇದ ಇನ್ನೊಂದು ಕಡೆ

ಅಚ್ಚು ಗೊತ್ತಾದ ಮೇಲೆ ನೋಟ್‌ಬುಕ್ಕಿನ ಎದುರುಬದುರು ಪುಟ ತೆಗೆಯಿರಿ. ಎಡಕ್ಕೆ ಹಳೆಯ ಯುದ್ಧ, ಬಲಕ್ಕೆ ಹೊಸದು. ಐದು ಸಾಲು: ಎಲ್ಲಿ, ಯಾವ ಆಯುಧ, ಯಾರು ಯಾರ ಪರ, ಅಧಿಕೃತವಾಗಿ ಯಾರು ಹೇಳಿದರು, ಹೇಗೆ ಮುಗಿಯಿತು. ಹೊಸದರ ಕೊನೆಯ ಸಾಲು ಖಾಲಿಯೇ ಇರುತ್ತದೆ. ಹಳೆಯ ಯುದ್ಧದ ಅಂತ್ಯವನ್ನು ಆ ಖಾಲಿ ಜಾಗಕ್ಕೆ ತಂದು ಕೂರಿಸುವುದೇ ನೆನಪು ಮಾಡುವ ದೊಡ್ಡ ಅನಾಹುತ.

ಒಂದು ಉದಾಹರಣೆ ಪೂರ್ತಿ ಬಿಡಿಸುವುದು ಒಳ್ಳೆಯದು. 2025ರ ಮೇ 8ರ ರಾತ್ರಿ, ಆಪರೇಷನ್ ಸಿಂಧೂರ ಶುರುವಾದ ಮರುದಿನ, ದೇಶದ ಹಲವು ವಾಹಿನಿಗಳು ಕರಾಚಿ ಬಂದರನ್ನು ನಮ್ಮ ನೌಕಾಪಡೆ ಧ್ವಂಸ ಮಾಡಿತು, ವಿಮಾನವಾಹಕ ಹಡಗು ಐಎನ್‌ಎಸ್ ವಿಕ್ರಾಂತ್ ದಾಳಿಯಿಟ್ಟಿತು ಎಂದು ಬಿತ್ತರಿಸಿದವು. ಹಾಗೇನೂ ಆಗಿರಲಿಲ್ಲ. ಮೇ 11ರ ಸುದ್ದಿಗೋಷ್ಠಿಯಲ್ಲಿ ನೌಕಾಪಡೆಯ ಅಧಿಕಾರಿ ಹೇಳಿದ್ದು, ಕರಾಚಿ ಸೇರಿದಂತೆ ಗುರಿಗಳ ಮೇಲೆ ದಾಳಿ ಮಾಡಲು ಪಡೆ ಸನ್ನದ್ಧವಾಗಿ ನಿಂತಿತ್ತು ಎಂದು. ಸನ್ನದ್ಧವಾಗಿ ನಿಂತದ್ದು ಬೇರೆ, ಹೊಡೆದದ್ದು ಬೇರೆ.

ಸುಳ್ಳಿಗೆ ಕರಾಚಿಯೇ ಯಾಕೆ ಬೇಕಾಯಿತು? ಎಡಪುಟ ತುಂಬಿಸಿ ನೋಡಿ. 1971ರ ಡಿಸೆಂಬರ್ 4ರ ರಾತ್ರಿ ನಿಪಾತ್, ನಿರ್ಘಾತ್, ವೀರ್ ಎಂಬ ಮೂರು ಕ್ಷಿಪಣಿ ದೋಣಿಗಳು ಕರಾಚಿಯ ಹತ್ತಿರ ಹೋಗಿ ದಾಳಿ ಮಾಡಿದವು, ಪಾಕಿಸ್ತಾನದ ಖೈಬರ್ ಎಂಬ ಯುದ್ಧನೌಕೆ ಮುಳುಗಿತು. ಡಿಸೆಂಬರ್ 8ರ ರಾತ್ರಿ ಎರಡನೆಯ ದಾಳಿ. ಡಿಸೆಂಬರ್ 4 ಇಂದಿಗೂ ನೌಕಾಪಡೆ ದಿನ. ಅಂದರೆ ಕಥೆ 53 ವರ್ಷದಿಂದ ಸಿದ್ಧವಾಗಿ ಕೂತಿತ್ತು, ಬೇಕಾಗಿದ್ದದ್ದು ಒಂದು ರಾತ್ರಿ. ಇನ್ನೂ ಸ್ವಾರಸ್ಯದ ವಿಷಯ ವಿಕ್ರಾಂತ್. 1971ರಲ್ಲಿ ಹಳೆಯ ವಿಕ್ರಾಂತ್ ಇದ್ದದ್ದು ಕರಾಚಿಯ ಕಡೆಯಲ್ಲ, ಬಂಗಾಳ ಕೊಲ್ಲಿಯಲ್ಲಿ, ಪೂರ್ವ ಪಾಕಿಸ್ತಾನದ ಬಂದರುಗಳನ್ನು ಕಟ್ಟಿಹಾಕಲು. ಆ ಹಡಗು 1997ರಲ್ಲಿ ನಿವೃತ್ತಿಯಾಯಿತು, ಈಗಿನದು ಕೊಚ್ಚಿಯಲ್ಲಿ ಕಟ್ಟಿ 2022ರ ಸೆಪ್ಟೆಂಬರಿನಲ್ಲಿ ಸೇವೆಗೆ ಸೇರಿದ್ದು. 1971ರ ಎರಡು ಬೇರೆ ಬೇರೆ ಗೆಲುವನ್ನು ಒಂದೇ ಅಚ್ಚಿಗೆ ಸುರಿದರು, ಮೇಲೆ ಹೊಸ ಹಡಗಿನ ಹೆಸರು ಬರೆದರು. ನೆನಪು ತಪ್ಪಾಗಿದ್ದರೂ ನಂಬಲರ್ಹವಾಗಿ ಕಂಡದ್ದು ಅದು ಪರಿಚಿತವಾಗಿದ್ದರಿಂದ.

ಬಲಪುಟದಲ್ಲಿ "ಅಧಿಕೃತವಾಗಿ ಯಾರು ಹೇಳಿದರು" ಎಂಬ ಸಾಲು ಆ ರಾತ್ರಿ ಖಾಲಿಯಿತ್ತು. ಐದು ಸಾಲಿನಲ್ಲಿ ಅದೊಂದನ್ನು ನೋಡಿದ್ದರೂ ಸಾಕಿತ್ತು.

ಹೆಜ್ಜೆ 5: ದೃಶ್ಯ ಮತ್ತು ಸದ್ದು

ವಿಡಿಯೊ ಬಂದರೆ ಮೂರು ಕಡೆ ನಿಲ್ಲಿಸಿ ಸ್ಕ್ರೀನ್‌ಶಾಟ್ ತೆಗೆಯಿರಿ: ಶುರುವಿನಲ್ಲಿ, ಸ್ಫೋಟಕ್ಕೆ ಸ್ವಲ್ಪ ಮೊದಲು, ಕೊನೆಯಲ್ಲಿ. ಸ್ಫೋಟದ ಬೆಂಕಿಯ ಚಿತ್ರವನ್ನೇ ಹುಡುಕಲು ಕೊಟ್ಟರೆ ಪ್ರಯೋಜನವಿಲ್ಲ, ಬೆಂಕಿ ಎಲ್ಲ ಕಡೆಯೂ ಒಂದೇ ಥರ. ಕಟ್ಟಡ, ಬೋರ್ಡು, ರಸ್ತೆಯ ಗೆರೆ ಕಾಣುವ ಚಿತ್ರವನ್ನು ಗೂಗಲ್ ಲೆನ್ಸಿಗೆ ಕೊಡಿ. ಹಳೆಯ ದಿನಾಂಕದ ಫಲಿತಾಂಶ ಒಂದೇ ಒಂದು ಸಿಕ್ಕಿದರೂ ಮುಗಿಯಿತು. ಚಿತ್ರದ ಮೇಲಿನ ಅಕ್ಷರಗಳನ್ನು ಮೊದಲು ಕತ್ತರಿಸಿ, ಇಲ್ಲದಿದ್ದರೆ ಹುಡುಕಾಟ ಆ ಅಕ್ಷರದ ಹಿಂದೆ ಹೋಗುತ್ತದೆ.

ಗಿಡಮರ ನೋಡಿ. ಮಲೆನಾಡಿನವರಿಗೆ ಇದು ಹೇಳಿಕೊಡಬೇಕಾಗಿಲ್ಲ. ಮೇ ತಿಂಗಳ ದಾಳಿ ಎಂದು ತೋರಿಸುವ ವಿಡಿಯೊದಲ್ಲಿ ಎಲೆ ಉದುರಿದ ಮರ, ಸ್ವೆಟರು ಹಾಕಿದ ಜನ ಇದ್ದರೆ ಅನುಮಾನ ಪಡಿ. ಆಟದ ದೃಶ್ಯವನ್ನೂ ಯುದ್ಧವೆಂದು ಹಂಚುತ್ತಾರೆ. ಆರ್ಮಾ 3 ಎಂಬ ಕಂಪ್ಯೂಟರ್ ಆಟದ ತುಣುಕುಗಳು ಎಷ್ಟು ಬಳಕೆಯಾದವೆಂದರೆ, ಅದನ್ನು ತಯಾರಿಸಿದ ಬೊಹೀಮಿಯಾ ಇಂಟರ್‌ಆ್ಯಕ್ಟಿವ್ ಕಂಪನಿಯೇ 2022ರ ನವೆಂಬರಿನಲ್ಲಿ, ಗುರುತು ಹಿಡಿಯುವುದು ಹೇಗೆಂದು ಪ್ರಕಟಣೆ ಕೊಡಬೇಕಾಯಿತು. ಮಸುಕು ಗುಣಮಟ್ಟ, ಕತ್ತಲು, ಜನರೇ ಕಾಣದಿರುವುದು, ಮೂಲದ ಧ್ವನಿ ಇಲ್ಲದಿರುವುದು ಮುಖ್ಯ ಸುಳಿವು.

ಸದ್ದಿಗೂ ನೆನಪಿದೆ. ವಾಯುದಾಳಿಯ ಸೈರನ್ ಕೇಳಿದೊಡನೆ ಹಿರಿಯರಿಗೆ 1965, 1971ರ ಕತ್ತಲೆ ರಾತ್ರಿಗಳು ನೆನಪಾಗುತ್ತವೆ. 2025ರ ಮೇ ತಿಂಗಳಲ್ಲಿ ವಾಹಿನಿಗಳು ಸ್ಟುಡಿಯೊದಲ್ಲೇ ಅದನ್ನು ಹಿನ್ನೆಲೆಗೆ ಹಾಕತೊಡಗಿದಾಗ, ನಾಗರಿಕ ರಕ್ಷಣಾ ಸೈರನ್ನನ್ನು ಕಾರ್ಯಕ್ರಮಗಳಲ್ಲಿ ಬಳಸಬೇಡಿ, ನಿಜವಾದ ಸೈರನ್ ಬಂದಾಗ ಜನ ಅಸಡ್ಡೆ ಮಾಡುತ್ತಾರೆ ಎಂದು ಗೃಹ ಸಚಿವಾಲಯದ ಕಡೆಯಿಂದ ಸೂಚನೆ ಬಂತು. ಮನೆಯಲ್ಲಿ ಮಾಡಬೇಕಾದ್ದು ಸರಳ: ಐದು ನಿಮಿಷ ಟಿವಿಯ ಧ್ವನಿ ನಿಲ್ಲಿಸಿ ನೋಡಿ. ಎದೆಬಡಿತ ಇಳಿದ ಮೇಲೆ ಪರದೆಯಲ್ಲಿ ಏನು ಉಳಿಯುತ್ತದೆ ಎಂದು ಬರೆಯಿರಿ. ಅದೇ ಮೂರು ದೃಶ್ಯ ಸುತ್ತುತ್ತಿರುತ್ತವೆ.

ಪಿಐಬಿ ಫ್ಯಾಕ್ಟ್ ಚೆಕ್ ನೋಡುವುದು ಒಳ್ಳೆಯ ಅಭ್ಯಾಸ. ಆದರೆ ಅದು ಸರ್ಕಾರದ್ದೇ ಘಟಕ, ಸರ್ಕಾರದ ಬಗ್ಗೆ ಹಬ್ಬಿದ ಸುಳ್ಳನ್ನು ತೋರಿಸುತ್ತದೆ. ಸರ್ಕಾರ ಹೇಳಿದ್ದನ್ನು ಒರೆಗೆ ಹಚ್ಚಲು ಬೇರೆ ಕಡೆ ಹೋಗಬೇಕು.

ಹೆಜ್ಜೆ 6: ಅಂಕಿ

ನೆನಪಿನ ಜೊತೆ ಅಂಕಿಯೂ ಸವೆದು ದುಂಡಗಾಗುತ್ತದೆ. "ಢಾಕಾದಲ್ಲಿ 93 ಸಾವಿರ ಪಾಕ್ ಸೈನಿಕರ ಶರಣಾಗತಿ" ಎಂದು ಪ್ರತಿ ಡಿಸೆಂಬರ್ 16ಕ್ಕೆ ಓದುತ್ತೇವೆ. ಆ 93 ಸಾವಿರದಲ್ಲಿ ಸಮವಸ್ತ್ರದವರು ಸುಮಾರು 79 ಸಾವಿರ, ಉಳಿದವರು ನಾಗರಿಕರು, ನೌಕರರು, ಕುಟುಂಬದವರು. ಗೆಲುವು ಇದರಿಂದ ಚಿಕ್ಕದಾಗುವುದಿಲ್ಲ. ಆದರೆ ಹೊಸ ಯುದ್ಧದ ಅಂಕಿಯನ್ನು ಹಳೆಯ ಉಬ್ಬಿದ ಅಂಕಿಯ ಪಕ್ಕ ಇಟ್ಟು ತೂಗಿದರೆ ತಕ್ಕಡಿ ಕೆಡುತ್ತದೆ. ಪ್ರತಿ ಅಂಕಿಯ ಪಕ್ಕ ಮೂರು ಅಕ್ಷರ ಬರೆಯಿರಿ: ಯಾ (ಯಾರು ಎಣಿಸಿದರು), ಯ (ಯಾವಾಗ ಎಣಿಸಿದರು), ಒ (ಯಾರನ್ನೆಲ್ಲ ಒಳಗೊಂಡಿದೆ). ಮೂರಕ್ಕೂ ಉತ್ತರವಿಲ್ಲದ ಅಂಕಿಯನ್ನು ಬೇರೆಯವರಿಗೆ ಕಳುಹಿಸಬೇಡಿ.

ಟಿವಿ ಚರ್ಚೆಯ ನಿವೃತ್ತ ಅಧಿಕಾರಿಗಳಿಗೂ ಇಂಥದೇ ಒಂದು ಟಿಪ್ಪಣಿ ಬೇಕು: ಸೇವೆಯಲ್ಲಿದ್ದ ವರ್ಷ, ಕಂಡ ಯುದ್ಧ. ಬೆಟ್ಟದ ಯುದ್ಧ ಕಂಡವರು ಡ್ರೋನ್ ಯುದ್ಧಕ್ಕೂ ಬೆಟ್ಟದ ಮಾತಾಡುತ್ತಾರೆ. ಅವರದು ತಪ್ಪಲ್ಲ, ಆಯಾ ಕಾಲದ ಜ್ಞಾನ.

ಹೆಜ್ಜೆ 7: ಎದುರು ಬದಿಯ ಗುಂಡಿ

ಇಷ್ಟು ಹೊತ್ತಿಗೆ ಅಭ್ಯಾಸ ಮಾಡಿದವರು ಒಂದು ಗುಂಡಿಗೆ ಬೀಳುತ್ತಾರೆ: ಎಲ್ಲ ಸುಳ್ಳು ಅನ್ನತೊಡಗುತ್ತಾರೆ. ಇದೂ ಹಳೆಯ ಯುದ್ಧದ ನೆನಪೇ, ಮತ್ತು ಎಲ್ಲಕ್ಕಿಂತ ದುಬಾರಿಯಾದದ್ದು.

ಮೊದಲ ಮಹಾಯುದ್ಧದಲ್ಲಿ ಬ್ರಿಟಿಷ್ ಪತ್ರಿಕೆಗಳು ಜರ್ಮನ್ನರ ಬಗ್ಗೆ ಬೆಲ್ಜಿಯಂನ ಮಕ್ಕಳ ಕೈ ಕತ್ತರಿಸಿದರು, ಹೆಣಗಳಿಂದ ಕೊಬ್ಬು ತೆಗೆಯುವ ಕಾರ್ಖಾನೆ ನಡೆಸುತ್ತಾರೆ ಎಂದೆಲ್ಲ ಬರೆದವು. ಕಾರ್ಖಾನೆಯ ಕಥೆ 1917ರದು, ಅದಕ್ಕೆ ಆಧಾರವಿಲ್ಲವೆಂದು ಬ್ರಿಟಿಷ್ ಸರ್ಕಾರವೇ ಒಪ್ಪಿಕೊಂಡದ್ದು 1925ರಲ್ಲಿ. ಬೆಲ್ಜಿಯಂನಲ್ಲಿ ಜರ್ಮನ್ ಸೇನೆ ಸಾವಿರಾರು ನಾಗರಿಕರನ್ನು ಕೊಂದದ್ದು ನಿಜವೇ ಆಗಿತ್ತು. ಸುಳ್ಳು ಬಯಲಾದಾಗ ನಿಜವೂ ಅದರ ಜೊತೆ ಕೊಚ್ಚಿಹೋಯಿತು. 1942ರಲ್ಲಿ ಯಹೂದಿಗಳ ಸಾಮೂಹಿಕ ಹತ್ಯೆಯ ಸುದ್ದಿ ಯುರೋಪಿನಿಂದ ಹೊರಬಂದಾಗ ಎಷ್ಟೋ ಸಂಪಾದಕರು, ಓದುಗರು ಇದೂ ಹಳೆಯ ಹೆಣದ ಕಾರ್ಖಾನೆಯ ಥರದ್ದೇ ಎಂದುಕೊಂಡರು, ಸುದ್ದಿ ಒಳಪುಟಕ್ಕೆ ಸರಿಯಿತು. ಈ ಸಲ ಸುದ್ದಿ ನಿಜವಾಗಿತ್ತು.

ಆಮೇಲೆ ಲೋಲಕ ಮತ್ತೆ ಆಚೆ ಬಂತು. 1990ರ ಅಕ್ಟೋಬರಿನಲ್ಲಿ ಅಮೆರಿಕದ ಸಂಸದರ ಮುಂದೆ 15 ವರ್ಷದ ಹುಡುಗಿಯೊಬ್ಬಳು, ಇರಾಕಿ ಸೈನಿಕರು ಕುವೈತಿನ ಆಸ್ಪತ್ರೆಯಲ್ಲಿ ಹಸುಗೂಸುಗಳನ್ನು ಇನ್‌ಕ್ಯುಬೇಟರಿನಿಂದ ಹೊರಗೆಸೆದರು ಎಂದು ಅತ್ತು ಹೇಳಿದಳು. ಅವಳು ಅಮೆರಿಕದಲ್ಲಿದ್ದ ಕುವೈತ್ ರಾಯಭಾರಿಯ ಮಗಳು ಎಂದು ಲೋಕಕ್ಕೆ ತಿಳಿದದ್ದು 1992ರಲ್ಲಿ, ಯುದ್ಧ ಮುಗಿದ ಮೇಲೆ. ಅದೇ 1992ರ ಆಗಸ್ಟಿನಲ್ಲಿ ಬೋಸ್ನಿಯಾದ ಟ್ರನೋಪೊಲ್ಯೆ ಶಿಬಿರದ ತಂತಿಬೇಲಿ, ಎಲುಬು ಕಾಣುವ ಮೈಗಳ ಚಿತ್ರ ಬಂದಾಗ ಒಂದು ಬ್ರಿಟಿಷ್ ಪತ್ರಿಕೆ "ಬೆಲ್ಸೆನ್ 92" ಎಂದು ಶೀರ್ಷಿಕೆ ಕೊಟ್ಟಿತು. ಬೆಲ್ಸೆನ್ ನಾಜಿ ಶಿಬಿರ. ಅಚ್ಚು ಜನರ ಕಣ್ಣು ತೆರೆಸಿತು, ಜೊತೆಗೇ ಇದು ಬೆಲ್ಸೆನ್ ಹೌದೋ ಅಲ್ಲವೋ ಎಂಬ ವಾದ ವರ್ಷಗಟ್ಟಲೆ ನಡೆದು, ಅಲ್ಲಿ ನಿಜವಾಗಿ ನಡೆದ ಹಿಂಸೆ ಚರ್ಚೆಯ ಬದಿಗೆ ಸರಿಯಿತು.

ಆದ್ದರಿಂದ ಘೋರ ಸುದ್ದಿಗೆ ಅಳತೆ ಹೀಗಿರಲಿ: ಕನಿಷ್ಠ ಎರಡು ಸ್ವತಂತ್ರ ಮೂಲ, ಒಂದಾದರೂ ಸ್ಥಳಕ್ಕೆ ಹೋಗಿ ಬಂದದ್ದು, ದಿನಾಂಕ ಮತ್ತು ಜಾಗದ ಹೆಸರು. ಇವಿದ್ದರೆ ಅಚ್ಚು ಎಷ್ಟೇ ಹಳತಾಗಿ ಕಂಡರೂ ಸುದ್ದಿಯನ್ನು ತಳ್ಳಿಹಾಕಬೇಡಿ. ಇಲ್ಲದಿದ್ದರೆ "ಕಾಯಬೇಕು" ಎಂದು ಬರೆಯಿರಿ. "ಸುಳ್ಳು" ಎಂದು ಬರೆಯಬೇಡಿ.

ಹೆಜ್ಜೆ 8: ವಾಣಿಜ್ಯ ಪುಟದೊಡನೆ ತಾಳೆ

ಮುಖಪುಟಕ್ಕಿಂತ ವಾಣಿಜ್ಯ ಪುಟಕ್ಕೆ ನೆನಪಿನ ಕಾಟ ಕಡಿಮೆ. ವಿಮೆ, ಹಡಗು ಬಾಡಿಗೆ, ಗೊಬ್ಬರದ ದರ ಭಾವುಕವಾಗುವುದಿಲ್ಲ. 2023ರ ನವೆಂಬರಿನಿಂದ ಕೆಂಪು ಸಮುದ್ರದಲ್ಲಿ ಯೆಮನ್ನಿನ ಹೌತಿ ಬಂಡುಕೋರರು ಹಡಗುಗಳ ಮೇಲೆ ದಾಳಿ ಶುರುಮಾಡಿದಾಗ ಲೇಖನಗಳು 1967ರಿಂದ 1975ರ ತನಕ ಸೂಯೆಜ್ ಕಾಲುವೆ ಮುಚ್ಚಿದ್ದನ್ನು ಎಳೆದು ತಂದವು. ಈ ಸಲ ಕಾಲುವೆ ಮುಚ್ಚಿರಲಿಲ್ಲ, ಹಡಗಿನ ಕಂಪನಿಗಳೇ ದಾರಿ ಬಿಟ್ಟು ಆಫ್ರಿಕಾದ ಗುಡ್ ಹೋಪ್ ಭೂಶಿರ ಸುತ್ತಿಕೊಂಡು ಹೋದವು. ಇಟಲಿಗೆ, ಜರ್ಮನಿಗೆ ಹೋಗುವ ನಮ್ಮ ಕಾಫಿಯ ಪ್ರಯಾಣ ವಾರಗಟ್ಟಲೆ ಉದ್ದವಾಯಿತು, ಬಾಡಿಗೆ ಏರಿತು. ಪೊಟ್ಯಾಷ್ ಹಾಗೆಯೇ. ಅದನ್ನು ಭಾರತ ಆಮದಿನಿಂದಲೇ ತರಬೇಕು, ರಷ್ಯಾ ಮತ್ತು ಬೆಲರೂಸ್ ದೊಡ್ಡ ಉತ್ಪಾದಕರು. 2022ರಲ್ಲಿ ಮೂಡಿಗೆರೆಯ ತೋಟದ ಖರ್ಚಿಗೂ ಉಕ್ರೇನಿಗೂ ಇದ್ದ ನಂಟು ಅದು. ಮುಖಪುಟ "ಮೂರನೇ ಮಹಾಯುದ್ಧ" ಎನ್ನುತ್ತಿರುವ ದಿನ ಹಡಗು ಬಾಡಿಗೆ, ಕಚ್ಚಾ ತೈಲ, ಕಾಫಿ ಮಂಡಳಿಯ ದರ ಮೂರನ್ನೂ ಬರೆದಿಡಿ. ವಾರದ ನಂತರ ಮತ್ತೆ ಬರೆಯಿರಿ.

ಹೆಜ್ಜೆ 9: ಊರಿನ ಸುದ್ದಿ ಬರೆಯುವವರಿಗೆ

ಎರಡೂ ಜಿಲ್ಲೆಯಿಂದ ಸೇನೆಗೆ ಹೋದವರಿದ್ದಾರೆ. ಪಾರ್ಥಿವ ಶರೀರ ಊರಿಗೆ ಬರುವ ದಿನ ಸ್ಥಳೀಯ ವರದಿಗಾರನ ಕೈ ತನಗೇ ಗೊತ್ತಿಲ್ಲದೆ ವೀರಗಲ್ಲು ಕೆತ್ತುತ್ತದೆ: ಕಾಳಗ, ಸಾವು, ಸ್ವರ್ಗ. ಗೌರವ ಬೇಕೇ ಬೇಕು. ಆದರೆ ವರದಿಯಲ್ಲಿ ಇಷ್ಟಾದರೂ ಇರಲಿ.

ಹೆಸರನ್ನು ಮನೆಯವರಿಗೆ ತಿಳಿಸಿದ ಮೇಲೆ, ಸೇನೆ ಅಥವಾ ಜಿಲ್ಲಾಡಳಿತ ಹೇಳಿದ ಮೇಲೆ ಮಾತ್ರ ಬರೆಯಿರಿ. ಸಾವು ಗುಂಡಿನಿಂದಲೋ, ಹಿಮಕುಸಿತದಿಂದಲೋ, ವಾಹನ ಅಪಘಾತದಿಂದಲೋ, ಕಾಯಿಲೆಯಿಂದಲೋ ಎಂದು ಹೇಳಿದ್ದನ್ನು ಹಾಗೆಯೇ ಬರೆಯಿರಿ. ಎಲ್ಲವನ್ನೂ "ಶತ್ರುಗಳೊಡನೆ ಹೋರಾಡುತ್ತ" ಮಾಡಿದರೆ ಮುಂದೆ ದಾಖಲೆ ಹುಡುಕುವ ಮನೆಯವರಿಗೇ ಗೊಂದಲ. ತುಕಡಿ ಈಗ ಎಲ್ಲಿದೆ, ಜೊತೆಗಾರರು ಯಾರು ಎಂಬುದನ್ನು ಬರೆಯಬೇಡಿ, ಅವರು ಇನ್ನೂ ಅಲ್ಲೇ ಇದ್ದಾರೆ. ಮನೆಯ ದಾರಿ, ಮಕ್ಕಳ ಶಾಲೆ, ಹೆಂಡತಿ ಮೂರ್ಛೆ ಹೋದ ಚಿತ್ರ ಬೇಡ. ಪತ್ನಿ ಅಥವಾ ತಾಯಿ ಏನಾದರೂ ಕೇಳಿದ್ದರೆ, ಅದು ಪ್ರಶ್ನೆಯಾಗಿದ್ದರೂ ಸಿಟ್ಟಾಗಿದ್ದರೂ, ಅವರ ಒಪ್ಪಿಗೆ ಪಡೆದು ಅವರ ಮಾತಿನಲ್ಲೇ ಹಾಕಿ. ಕಲ್ಲಿನಲ್ಲಿ ಅದಕ್ಕೆ ಜಾಗವಿರಲಿಲ್ಲ, ಪತ್ರಿಕೆಯಲ್ಲಿದೆ. ಆರು ತಿಂಗಳ ನಂತರ ಮತ್ತೊಮ್ಮೆ ಅದೇ ಮನೆಗೆ ಹೋಗಿ, ಸೈನಿಕ ಕಲ್ಯಾಣ ಮತ್ತು ಪುನರ್ವಸತಿ ಇಲಾಖೆಯ ಕಚೇರಿಯಿಂದ ಸಲ್ಲಬೇಕಾದದ್ದು ಸಂದಿದೆಯೇ ಎಂದು ಕೇಳುವುದು ಎರಡನೆಯ ವರದಿ. ಅದನ್ನು ಬರೆಯುವವರು ಕಡಿಮೆ.

ನೋಟ್‌ಬುಕ್ ಮುಗಿಸುವುದು

ಪ್ರತಿ ಪುಟದ ಬಲ ಅಂಚಿನಲ್ಲಿ ಎರಡು ಬೆರಳಗಲ ಜಾಗ ಖಾಲಿ ಬಿಟ್ಟಿರಿ. ಅದರ ಮೇಲೆ ಮೂರು ದಿನಾಂಕ ಬರೆಯಿರಿ: ಮರುದಿನ, ಏಳನೆಯ ದಿನ, ಮೂವತ್ತನೆಯ ದಿನ. ಆ ದಿನಗಳಲ್ಲಿ ಹಿಂತಿರುಗಿ, ಕೆಂಪು ಗೆರೆಯ ಸಂಗತಿಗಳಲ್ಲಿ ಯಾವುದು ಉಳಿಯಿತು, ಯಾವುದು ಸದ್ದಿಲ್ಲದೆ ಮಾಯವಾಯಿತು ಎಂದು ಗುರುತು ಮಾಡಿ. ತಿದ್ದುಪಡಿ ಬಂದಿದ್ದರೆ ಯಾವ ಪುಟದಲ್ಲಿ, ಎಷ್ಟು ಸಾಲು ಎಂದೂ ಬರೆಯಿರಿ. ತರಗತಿಯಲ್ಲಿ ಮಾಡಿಸುವ ಮೇಷ್ಟ್ರುಗಳಿಗೆ ಒಂದು ಮಾತು: ಮೂವತ್ತನೆಯ ದಿನದ ಕೆಲಸವನ್ನು ಮಕ್ಕಳು ಮರೆಯುತ್ತಾರೆ, ಹಾಜರಿ ಪುಸ್ತಕದಲ್ಲಿ ಆ ತಾರೀಖಿನ ಎದುರಿಗೆ ಮೊದಲೇ ಗುರುತು ಹಾಕಿಟ್ಟುಕೊಳ್ಳಿ.